ಹತ್ತಕ್ಕೆ ನಾಲ್ಕು

ಮಾರ್ಚ್ 4

ಪ್ರೀತಿಯ ಗುಬ್ಬಿ,

ಮೊದಲು ಇದನ್ನು ಓದು: ನಾನು ಚೆನ್ನಾಗಿದ್ದೇನೆ. ಆಸ್ಪತ್ರೆಯಿಂದ ಬರೆಯುತ್ತಿದ್ದೇನೆ ಎಂಬುದನ್ನು ಆಮೇಲೆ ಓದು.

ಕಳೆದ ವಾರ ಶಾಲೆಯ ಹಜಾರದಲ್ಲಿ ಮಕ್ಕಳು ಬರೆದ ಚಿತ್ರಗಳನ್ನು ಗೋಡೆಗೆ ಅಂಟಿಸುತ್ತಿದ್ದೆ. ಸ್ಟೂಲಿನ ಮೇಲೆ ನಿಂತಿದ್ದೆ. ಒಂದು ಚಿತ್ರ ಸೊಟ್ಟಗಿದೆ ಅನ್ನಿಸಿ, ಸರಿಯಾಗಿ ನೋಡೋಣವೆಂದು ಒಂದು ಹೆಜ್ಜೆ ಹಿಂದಕ್ಕೆ ಇಟ್ಟೆ. ಚಿತ್ರ ಕಲಿಸುವವರಿಗೆ ಅದು ಅಭ್ಯಾಸ. ಸ್ಟೂಲಿನ ಮೇಲಿದ್ದೇನೆ ಎಂಬುದು ಕಾಲಿಗೆ ನೆನಪಿರಲಿಲ್ಲ. ಬಲ ಮೊಣಕಾಲಿನ ಹತ್ತಿರ ಮೂಳೆ ಮುರಿಯಿತು. ಆಪರೇಷನ್ ಮಾಡಿ ಒಳಗೆ ಪಟ್ಟಿ, ಸ್ಕ್ರೂ ಎಲ್ಲ ಕೂರಿಸಿದ್ದಾರೆ. ನಿನ್ನ ಮಿಲ್ಲಿನ ಮಗ್ಗಗಳಿಗೂ ನನಗೂ ಈಗ ಹೆಚ್ಚು ವ್ಯತ್ಯಾಸವಿಲ್ಲ.

ಇಲ್ಲಿ ಒಂದು ಪದ್ಧತಿ ಇದೆ. ನರ್ಸು ಬಂದಾಗಲೆಲ್ಲ, "ಟೀಚರ್, ನೋವು ಎಷ್ಟಿದೆ? ಸೊನ್ನೆಯಿಂದ ಹತ್ತರೊಳಗೆ ಹೇಳಿ" ಅನ್ನುತ್ತಾರೆ. ಹೇಳಿದ್ದನ್ನು ಬರೆದುಕೊಂಡು ಅದಕ್ಕೆ ತಕ್ಕ ಹಾಗೆ ಔಷಧಿ ಕೊಡುತ್ತಾರೆ. ನಾನು ನಾಲ್ಕು ಅಂದೆ. ಪಕ್ಕದ ಮಂಚದಲ್ಲಿ ಒಬ್ಬರು ಅಜ್ಜಿ ಇದ್ದಾರೆ, ಸೊಂಟದ ಆಪರೇಷನ್ ಆಗಿದೆ. ಬಿಸ್ಕತ್ತು ಅಗಿಯುತ್ತಲೇ, "ಹತ್ತು ಬರಕೊಳಮ್ಮ, ಜಾಗ ಇದ್ರೆ ಹನ್ನೆರಡು ಬರಕೋ" ಅನ್ನುತ್ತಾರೆ. ಈ ಧಾರಾಳ ನನಗೆ ಸರಿಬರುವುದಿಲ್ಲ. ಹತ್ತು ಎಂದರೆ ಅದರ ಮೇಲೆ ಇನ್ನೇನೂ ಇಲ್ಲವೆಂದು ಅರ್ಥ. ನಾನು ಯಾರ ಚಿತ್ರಕ್ಕೂ ಏಳರ ಮೇಲೆ ಕೊಟ್ಟವಳಲ್ಲ, ಕಾಲಿಗೆ ಯಾಕೆ ಕೊಡಲಿ?

ಮೊದಮೊದಲು ಕೈಗೆ ಒಂದು ಗುಂಡಿ ಕೊಟ್ಟಿದ್ದರು. ನೋವಾದಾಗ ಒತ್ತಿದರೆ ಯಂತ್ರವೇ ಒಂದಿಷ್ಟು ಮಾರ್ಫಿನ್ ಬಿಡುತ್ತದೆ. ಒತ್ತುತ್ತಲೇ ಇದ್ದರೂ ಮಿತಿ ಮೀರಿ ಬಿಡುವುದಿಲ್ಲವಂತೆ. ಒಂದೆರಡು ಸಲ ಒತ್ತಿ ಆಮೇಲೆ ದಿಂಬಿನ ಕೆಳಗೆ ಇಟ್ಟುಬಿಟ್ಟೆ. ಯಾಕೋ ಇಷ್ಟವಾಗಲಿಲ್ಲ. ಅದಿರಲಿ.

ನೀನು ಬರಬೇಡ. ಫೋನೂ ಬೇಡ, ನಿನಗೆ ಕೇಳಿಸುವುದಿಲ್ಲ, ಕೇಳಿಸುವ ಹಾಗೆ ನಾನು ಕಿರುಚಿದರೆ ಇಡೀ ವಾರ್ಡು ಎದ್ದು ಕೂರುತ್ತದೆ. ಮೊಬೈಲಿನಲ್ಲಿ ಕುಟ್ಟಿ ಕುಟ್ಟಿ ಬರೆಯುವುದು ನನ್ನ ಕೈಲಾಗದು ಎಂಬುದು ನಿನಗೆ ಗೊತ್ತೇ ಇದೆ.

ನಿನ್ನ ಹಿಂದಿನ ಪತ್ರಕ್ಕೆ ಐದೂವರೆ. ವಿಷಯ ಪರವಾಗಿಲ್ಲ, ಅಕ್ಷರ ಕೋಳಿ ಕೆದಕಿದ ಹಾಗಿದೆ.

ನಿನ್ನ ಅಕ್ಕ


ಮಾರ್ಚ್ 10

ಅಕ್ಕಾ,

ಚೆನ್ನಾಗಿದ್ದೇನೆ ಅಂತ ನೀನು ಮೊದಲ ಸಾಲಿನಲ್ಲೇ ಬರೆದದ್ದಕ್ಕೇ ನನ್ನ ಎದೆ ಹಾರಿತು. ಚೆನ್ನಾಗಿರುವವರು ಯಾರು ಹಾಗೆ ಶುರು ಮಾಡುತ್ತಾರೆ? ಪೂರ್ತಿ ಓದಿದ ಮೇಲೆ ಉಸಿರು ಬಂತು. ನಾಲ್ಕು ತಾನೆ! ಮನೆಯಲ್ಲಿ ನನ್ನವಳಿಗೂ ಓದಿ ಹೇಳಿದೆ. "ನಾಲ್ಕೇ ಆದ್ರೆ ಬಿಡಿ, ನಂಗೆ ದಿನಾ ಸಂಜೆ ನಿಮ್ಮ ಹತ್ರ ಕಿರುಚಿ ಕಿರುಚಿ ಬರೋ ತಲೆನೋವೇ ಆರು ಇರತ್ತೆ" ಅಂದಳು.

ಫೋರ್‌ಮನ್ ಹತ್ತಿರ ರಜೆ ಕೇಳಿದ್ದೆ, ವಾಪಸ್ ತಗೊಂಡೆ. ಮಿಲ್ಲಿನಲ್ಲಿ ಹಳೆಯ ಮಗ್ಗಗಳನ್ನೆಲ್ಲ ಬಿಚ್ಚಿ ಮತ್ತೆ ಜೋಡಿಸುತ್ತಿದ್ದೇವೆ. ಫಿಟ್ಟರುಗಳು ಸಾಲದು. ನಿನಗೆ ಕಷ್ಟವಿಲ್ಲ ಅಂದಮೇಲೆ ಈ ಕೆಲಸ ಮುಗಿಸಿಯೇ ಬರುತ್ತೇನೆ.

ಒಂದು ಮಾತು. ಆ ಗಟ್ಟಿ ಔಷಧಿಗಳನ್ನು ಆದಷ್ಟು ಕಡಿಮೆ ಮಾಡು. ನಮ್ಮ ಬಣ್ಣದ ವಿಭಾಗದವನೊಬ್ಬ ಬೆನ್ನುನೋವಿಗೆ ಅಂತ ಮಾತ್ರೆ ಶುರು ಮಾಡಿದವನು ಇವತ್ತಿಗೂ ಜೇಬಿನಲ್ಲಿ ಇಟ್ಟುಕೊಂಡೇ ಓಡಾಡುತ್ತಾನೆ. ನೀನು ಗಟ್ಟಿಗಿತ್ತಿ. ನಿನಗೆ ಅದೆಲ್ಲ ಯಾಕೆ?

ಐದೂವರೆ ಅನ್ಯಾಯ. ಆ ಪತ್ರವನ್ನು ನಾನು ಎರಡು ಸಲ ಬರೆದಿದ್ದೆ.

ನಿನ್ನ ಗುಬ್ಬಿ


ಮಾರ್ಚ್ 16

ಪ್ರೀತಿಯ ಗುಬ್ಬಿ,

ನಿನ್ನ ಪತ್ರ ಸರಿಯಾದ ಹೊತ್ತಿಗೆ ಬಂತು.

ಈಗ ನನ್ನನ್ನು ಚೇತರಿಕೆಯ ವಾರ್ಡಿಗೆ ಹಾಕಿದ್ದಾರೆ. ಬಿಸ್ಕತ್ತಿನ ಅಜ್ಜಿಯೂ ಬಂದಿದ್ದಾರೆ. ಇಲ್ಲಿ ದಿನವೂ ಕಾಲು ಮಡಚಿಸುತ್ತಾರೆ. ಮಡಚಿಸುವವಳು ನನ್ನ ಭುಜದಷ್ಟೂ ಎತ್ತರವಿಲ್ಲದ ಹುಡುಗಿ, ಆದರೆ ಹಿಡಿತ ನೋಡಬೇಕು. ನಾವೆಲ್ಲ ಅವಳಿಗೆ ಪೈಲ್ವಾನ್ ಅಂತ ಹೆಸರಿಟ್ಟಿದ್ದೇವೆ. ಅವಳು ಬರುವ ಅರ್ಧ ಗಂಟೆ ಮುಂಚೆ ಒಂದು ಗಟ್ಟಿ ಮಾತ್ರೆ ತಗೊಳ್ಳಿ ಅಂತ ದೊಡ್ಡ ಸಿಸ್ಟರ್ ದಿನಾ ಹೇಳುತ್ತಾರೆ. ದೊಡ್ಡ ಸಿಸ್ಟರ್ ಅಂದರೆ ಈ ವಾರ್ಡಿನ ಯಜಮಾನಿ. ನಾನು ಬೇಡ ಅಂದೆ. "ನಾಲ್ಕಕ್ಕೆ ಅಷ್ಟು ದೊಡ್ಡ ಮಾತ್ರೆ ಯಾಕೆ ಸಿಸ್ಟರ್?" ಅಂದೆ. ನಿನ್ನ ಪತ್ರವನ್ನೂ ತೋರಿಸಿದೆ. ಅವರು ಓದಿ, ಲಕೋಟೆಯನ್ನು ತಿರುಗಿಸಿ ನೋಡಿ, "ತಮ್ಮ ಡಾಕ್ಟರಾ?" ಅಂದರು. ಮಗ್ಗದ ಡಾಕ್ಟರು ಅಂದೆ. ಅವರು ನಗಲಿಲ್ಲ.

ಕಾಲು ಸ್ವಲ್ಪ ಹಟಮಾರಿ. ಪೈಲ್ವಾನ್ ಕೈಯಿಟ್ಟ ಕೂಡಲೇ ತೊಡೆ ಬಿಗಿದುಕೊಳ್ಳುತ್ತದೆ, ಅರ್ಧದಷ್ಟೂ ಮಡಚುವುದಿಲ್ಲ. ಮೂಳೆ ಚೆನ್ನಾಗಿ ಕೂಡುತ್ತಿದೆ, ಕೀಲು ಮಾತ್ರ ಬಿಗಿಯುತ್ತಿದೆ ಅಂತ ಡಾಕ್ಟರು ಹೇಳಿದರು. ಏಪ್ರಿಲ್ ಮಧ್ಯದೊಳಗೆ ತೊಂಬತ್ತು ಡಿಗ್ರಿ, ಅಂದರೆ ಕುರ್ಚಿಯಲ್ಲಿ ನೆಟ್ಟಗೆ ಕೂರುವಷ್ಟು ಮಡಚಬೇಕು. ಇಲ್ಲದಿದ್ದರೆ ಇನ್ನೊಮ್ಮೆ ಅರಿವಳಿಕೆ ಕೊಟ್ಟು ಬಲವಂತವಾಗಿ ಮಡಚುತ್ತಾರಂತೆ. ಅದೂ ಆಗದಿದ್ದರೆ ಕಾಲು ಹೀಗೇ, ಕೋಲಿನ ಹಾಗೆ. ಚಿತ್ರದ ಕೋಣೆ ಮೂರನೇ ಮಹಡಿಯಲ್ಲಿದೆ, ಶಾಲೆಯಲ್ಲಿ ಲಿಫ್ಟ್ ಇಲ್ಲ. ಮುಖ್ಯೋಪಾಧ್ಯಾಯಿನಿ ಹಣ್ಣು ಹಿಡಿದುಕೊಂಡು ನೋಡಲು ಬಂದಿದ್ದರು. ನನ್ನ ಜಾಗಕ್ಕೆ ಒಬ್ಬಳನ್ನು ತಾತ್ಕಾಲಿಕವಾಗಿ ತೆಗೆದುಕೊಂಡಿದ್ದಾರಂತೆ. ಎಲ್ಲ ಮಕ್ಕಳಿಗೂ ಒಂಬತ್ತು ಕೊಡುತ್ತಾಳಂತೆ. ಅದನ್ನು ಕೇಳಿ ಆದ ನೋವಿಗೆ ಯಾರೂ ಅಂಕ ಕೇಳಲಿಲ್ಲ.

ನೋವು ನಾಲ್ಕೇ. ನಿನ್ನ ಪತ್ರಕ್ಕೆ ಐದು. ಎರಡು ಸಲ ಬರೆದೆ ಅಂತ ಅಂಕ ಕೊಡುವುದಿಲ್ಲ.

ನಿನ್ನ ಅಕ್ಕ


ಮಾರ್ಚ್ 22

ಅಕ್ಕಾ,

ಈ ಸಲ ಆರು ಬರದಿದ್ದರೆ ನಾನು ಬರೆಯುವುದನ್ನೇ ಬಿಡುತ್ತೇನೆ. ಅದಕ್ಕೇ ನಿಧಾನವಾಗಿ, ದೊಡ್ಡ ಅಕ್ಷರದಲ್ಲಿ ಬರೆಯುತ್ತಿದ್ದೇನೆ.

ಇಲ್ಲಿ ಬಾಯ್ಲರ್ ಕೋಣೆಯಲ್ಲಿ ಒಂದು ರಾಮಾಯಣ ನಡೆಯಿತು. ಉಗಿಯ ಒತ್ತಡ ತೋರಿಸುವ ಮೀಟರ್ ಒಂದಿದೆ. ಅದು ಹಿಂದಿನಿಂದಲೂ ಅರ್ಧದಷ್ಟೇ ತೋರಿಸುತ್ತದೆ. ಹಳಬರಿಗೆಲ್ಲ ಗೊತ್ತು, ಮನಸ್ಸಿನಲ್ಲೇ ಎರಡರಷ್ಟು ಮಾಡಿಕೊಳ್ಳುತ್ತಾರೆ. ಹೊಸದಾಗಿ ಬಂದ ಎಂಜಿನಿಯರಿಗೆ ಯಾರೂ ಹೇಳಿರಲಿಲ್ಲ. ಒತ್ತಡ ಸಾಲದು ಅಂತ ಏರಿಸಿಯೇ ಏರಿಸಿದ. ಕೊನೆಗೆ ಸೇಫ್ಟಿ ವಾಲ್ವ್ ಹಾರಿ, ಉಗಿ ಎಲ್ಲ ಹೊರಗೆ ಬಂದು, ನಾವೆಲ್ಲ ಅಂಗಳಕ್ಕೆ ಓಡಿದೆವು. ನನಗಂತೂ ಏನೂ ಕೇಳಿಸಿರಲಿಲ್ಲ, ಎಲ್ಲರೂ ಓಡಿದರು ಅಂತ ನಾನೂ ಓಡಿದೆ. ಹೊಸ ಮೀಟರ್ ಬರುವವರೆಗೆ ಒಂದು ಚೀಟಿ ಅಂಟಿಸಿದ್ದೇನೆ: "ಇದು ಕಡಿಮೆ ತೋರಿಸುತ್ತದೆ. ಎರಡರಷ್ಟು ಎಂದು ಓದಿಕೊಳ್ಳಿ."

ಕಾಲು ಮಡಚಿತೇ? ನಿನ್ನ ಹಿಂದಿನ ಪತ್ರದಲ್ಲಿ ಸಾಲುಗಳು ಕೊನೆಕೊನೆಗೆ ಕೆಳಕ್ಕೆ ಜಾರಿದ್ದವು. ಮಲಗಿಕೊಂಡು ಬರೆದಿರಬೇಕು ಅಂದುಕೊಂಡೆ. ಹಾಗೇ ತಾನೆ?

ನಿನ್ನ ಗುಬ್ಬಿ


ಮಾರ್ಚ್ 28

ಗುಬ್ಬಿ,

ನಿನ್ನ ಪತ್ರ ಬಂತು. ಚೆನ್ನಾಗಿದೆ. ಎಂಟು.

ಇಲ್ಲಿ ಎಲ್ಲ ಹಾಗೇ ಇದೆ. ನೋವು ಐದು.

ಅಕ್ಕ


ಏಪ್ರಿಲ್ 2

ಅಕ್ಕಾ,

ಎಂಟು?

ಪತ್ರ ಕೈಯಲ್ಲಿ ಹಿಡಿದುಕೊಂಡು ಅಡುಗೆಮನೆಗೆ ಹೋಗಿ ಇವಳಿಗೆ ತೋರಿಸಿದೆ. ಅವಳು ನೋಡಿದವಳೇ ಒಲೆ ಆರಿಸಿದಳು. "ಅತ್ತಿಗೆಗೆ ಏನೋ ಆಗಿದೆ ರೀ" ಅಂದಳು. ಅವಳು ಜೋರಾಗಿ ಹೇಳಲಿಲ್ಲ, ನನಗೆ ತುಟಿ ನೋಡಿಯೇ ಗೊತ್ತಾಯಿತು.

ನೀನು ನನಗೆ ಎಂಟು ಕೊಟ್ಟವಳಲ್ಲ. ಮದುವೆಯ ಕರೆಯೋಲೆಗೆ ಆರು ಕೊಟ್ಟವಳು ನೀನು. ಮಗಳು ಹುಟ್ಟಿದಳು ಅಂತ ಬರೆದಾಗ, "ವಿಷಯಕ್ಕೆ ಹತ್ತು ಕೊಡಬಹುದಿತ್ತು, ಆದರೆ ಅದು ನಿನ್ನೊಬ್ಬನ ಕೆಲಸವಲ್ಲ" ಅಂತ ಆರೂವರೆಗೆ ನಿಲ್ಲಿಸಿದವಳು. ಬಾಯ್ಲರಿನ ಪತ್ರಕ್ಕೆ ಎಂಟು ಬಂತು ಅಂದರೆ ನೀನು ಅದನ್ನು ಓದಿಲ್ಲ. ಓದಲು ಆಗಿಲ್ಲ. ಆಮೇಲೆ ನಿನ್ನ ನಾಲ್ಕನ್ನೆಲ್ಲ ಮತ್ತೆ ತೆಗೆದು ನೋಡಿದೆ. ನನ್ನ ಪೆದ್ದುತನಕ್ಕೆ ನನಗೇ ಸಿಟ್ಟು ಬಂತು.

ನನ್ನ ಕಿವಿ ಹೋಗುತ್ತಿದ್ದ ಕಾಲದಲ್ಲಿ ಏನು ಮಾಡುತ್ತಿದ್ದೆ ಗೊತ್ತಾ? ಯಾರು ಏನು ಹೇಳಿದರೂ ಹೂಂ ಅನ್ನುತ್ತಿದ್ದೆ. ಅದು ಸುಳ್ಳು ಅಂತ ನನಗೆ ಅನ್ನಿಸುತ್ತಲೇ ಇರಲಿಲ್ಲ. ಎದುರಿನವರಿಗೆ ತೊಂದರೆ ಯಾಕೆ, ಇನ್ನೊಂದು ಸಲ ಕೇಳಿ ಅವರ ಮುಖ ಗಂಟಾಗುವುದು ಯಾಕೆ, ಅಷ್ಟೆ. ನಿನ್ನ ನಾಲ್ಕೂ ನನ್ನ ಹೂಂ ಇದ್ದ ಹಾಗೇ. ಅವತ್ತು ನನ್ನನ್ನು ಕಿವಿ ಡಾಕ್ಟರ ಹತ್ತಿರ ಎಳೆದುಕೊಂಡು ಹೋದವಳು ನೀನು. "ಕೇಳಿಸಲ್ಲ ಅಂತ ಹೇಳೋಕೆ ಏನೋ ನಿಂಗೆ ರೋಗ" ಅಂತ ಬೈದಿದ್ದೆ. ಈಗ ಅದನ್ನೇ ನಾನು ವಾಪಸ್ ಕೊಡುತ್ತಿದ್ದೇನೆ, ತಗೋ.

ಮಾತ್ರೆ ಬೇಡ ಅಂತ ನಾನು ಬರೆದದ್ದನ್ನು ಹೊಡೆದುಹಾಕು. ಬಣ್ಣದ ವಿಭಾಗದವನಿಗೂ ನಿನಗೂ ಏನು ಸಂಬಂಧ? ನಾನು ಮಗ್ಗದ ವಿಷಯ ಮಾತ್ರ ಬರೆಯಬೇಕಾಗಿತ್ತು. ರಜೆಗೆ ಮತ್ತೆ ಅರ್ಜಿ ಕೊಟ್ಟಿದ್ದೇನೆ.

ನಿನ್ನ ಗುಬ್ಬಿ


ಏಪ್ರಿಲ್ 8

ಗುಬ್ಬಿ,

ಇವತ್ತು ಬೆಳಗ್ಗೆ ದೊಡ್ಡ ಸಿಸ್ಟರ್ ಒಂದು ಲಕೋಟೆ ಹಿಡಿದುಕೊಂಡು ನನ್ನ ಮಂಚದ ಹತ್ತಿರ ಬಂದರು. ಮೇಲಿನ ಅಕ್ಷರ ದೂರದಿಂದಲೇ ಗುರುತು ಸಿಕ್ಕಿತು. ಕೋಳಿ ಕೆದಕಿದ ಅಕ್ಷರ ಈ ಲೋಕದಲ್ಲಿ ಇನ್ಯಾರದ್ದೂ ಇಲ್ಲ.

ನನಗೆ ತಿಳಿಸದೆ ನನ್ನ ನರ್ಸಿಗೆ ಪತ್ರ ಬರೆದಿದ್ದೀಯಾ? ನಾಲ್ಕು ಅಂದರೆ ಎಂಟು ಅಂತ ಬರೆದುಕೊಳ್ಳಿ ಅಂದಿದ್ದೀಯಂತೆ. ನನ್ನ ಮೇಲೂ ಚೀಟಿ ಅಂಟಿಸಿದೆಯಾ? ನಾನೇನು ನಿಮ್ಮ ಬಾಯ್ಲರೇ? ಅರವತ್ತು ಹತ್ತಿರ ಬಂತು ನನಗೆ. ನನಗೆ ಎಷ್ಟು ನೋಯುತ್ತಿದೆ ಅಂತ ಇನ್ನೂರು ಮೈಲಿ ಆಚೆ ಕೂತು ನೀನು ಹೇಳುವ ಹಾಗಾಯಿತೇ? ಸಿಸ್ಟರ್ ಓದಿ ತೋರಿಸಲು ಬಂದರು, ನಾನು ಗೋಡೆ ಕಡೆ ತಿರುಗಿ ಮಲಗಿದೆ. ಅಷ್ಟು ತಿರುಗುವುದಕ್ಕೂ ಎಷ್ಟು ಹೊತ್ತು ಹಿಡಿಯಿತು ಅಂತ ಅವರು ನಿಂತು ನೋಡಿದರು. ಆ ಅಜ್ಜಿ ಬೇರೆ, "ನಿಮ್ಮ ತಮ್ಮ ಜಾಣ ಬಿಡ್ರೀ" ಅನ್ನುತ್ತಾ ವಾಕರ್ ಹಿಡಿದು ಹೊರಗೆ ನಡೆದುಕೊಂಡು ಹೋದರು. ನಡೆದುಕೊಂಡು.

ನೀನು ಬರಬೇಡ. ಈ ಪತ್ರಕ್ಕೆ ಅಂಕವಿಲ್ಲ.

ಅಕ್ಕ


ಏಪ್ರಿಲ್ 13

ಅಕ್ಕಾ,

ನೀನು ಬೈದದ್ದು ಓದಿ ಸಮಾಧಾನವಾಯಿತು. ಬೈಯುವಷ್ಟು ಉಸಿರಿದೆ.

ಹೇಳದೆ ಬರೆದದ್ದು ಹೌದು. ಹೇಳಿದ್ದರೆ ನೀನು ಸಿಸ್ಟರಿಗೆ ಮೊದಲೇ ಏನಾದರೂ ಹೇಳಿ ನನ್ನ ಮಾತು ತೇಲಿಸಿಬಿಡುತ್ತಿದ್ದೆ. ಅಂಕ ಬೇಡ. ರಜೆ ಸಿಕ್ಕಿದೆ, ಇಪ್ಪತ್ತನಾಲ್ಕಕ್ಕೆ ಬರುತ್ತೇನೆ. ಬೇಡ ಅಂದರೂ ಬರುತ್ತೇನೆ, ನನಗೆ ಕೇಳಿಸುವುದಿಲ್ಲವಲ್ಲ.

ಒಂದೇ ಒಂದು ಪ್ರಶ್ನೆ. ಮೊದಲ ಪತ್ರದಲ್ಲಿ ಆ ಗುಂಡಿಯ ವಿಷಯ ಬರೆದು, ಯಾಕೋ ಇಷ್ಟವಾಗಲಿಲ್ಲ, ಅದಿರಲಿ ಅಂದಿದ್ದೆ. ಯಾಕೆ ಇಷ್ಟವಾಗಲಿಲ್ಲ? ನೋವು ಕಡಿಮೆಯಾಗಲಿಲ್ಲವೇ?

ನಿನ್ನ ಗುಬ್ಬಿ


ಏಪ್ರಿಲ್ 18

ಪ್ರೀತಿಯ ಗುಬ್ಬಿ,

ನೋವು ಕಡಿಮೆಯಾಯಿತು. ಅದೇ ತೊಂದರೆ.

ಆ ಗುಂಡಿ ಒತ್ತಿದಾಗ ಪಾದದಿಂದ ಮೇಲಕ್ಕೆ ಬೆಚ್ಚಗೆ ಏನೋ ಹತ್ತಿ ಬಂತು. ಕಾಲು ಇದೆ, ನೋವೂ ಇದೆ, ಆದರೆ ಎರಡೂ ಬೇರೆ ಯಾರದ್ದೋ ಅನ್ನಿಸಿತು. ತುಂಬಾ ಹಿತವಾಗಿತ್ತು. ಆಗ ಅಮ್ಮ ನೆನಪಾದಳು. ನೀನು ಆಗ ಮಿಲ್ಲಿಗೆ ಹೊಸದಾಗಿ ಸೇರಿದ್ದೆ, ಕೊನೆಯ ದಿನಗಳಲ್ಲಿ ಇರಲಿಲ್ಲ. ಅಮ್ಮನಿಗೂ ಇದೇ ಔಷಧಿ ಕೊಟ್ಟರು. ಕೊಟ್ಟ ಮೇಲೆ ನರಳುವುದು ನಿಂತಿತು, ಮುಖ ಸಡಿಲವಾಯಿತು, ನನ್ನನ್ನು ನೋಡಿ "ಯಾರಮ್ಮ ನೀನು?" ಅಂದಳು. ಆಮೇಲೆ ಎಚ್ಚರವಾಗಲೇ ಇಲ್ಲ. ಗುಂಡಿ ಕೈಯಲ್ಲಿ ಹಿಡಿದುಕೊಂಡಿದ್ದಾಗ, ಅಮ್ಮ ಹೋದ ದಾರಿ ಇದೇ ಅನ್ನಿಸಿಬಿಟ್ಟಿತು. ನನಗೆ ಹೆದರಿಕೆಯಾಯಿತು ಗುಬ್ಬಿ. ಅದನ್ನು ದಿಂಬಿನ ಕೆಳಗೆ ಹಾಕಿ ಮೇಲೆ ತಲೆಯಿಟ್ಟು ಮಲಗಿದೆ. ನಾಲ್ಕು ಅಂದರೆ ಆ ಔಷಧಿ ಹತ್ತಿರ ಬರುವುದಿಲ್ಲ ಅಂತ ಬೇಗ ಕಲಿತುಕೊಂಡೆ. ಮಿಕ್ಕದ್ದೆಲ್ಲ ನನ್ನ ಅಭ್ಯಾಸ, ನೀನು ಸರಿಯಾಗಿಯೇ ಹಿಡಿದೆ.

ನಿನಗೆ ಬೈದು ಬರೆದ ಸಂಜೆ ದೊಡ್ಡ ಸಿಸ್ಟರ್ ಸ್ಟೂಲು ಎಳೆದುಕೊಂಡು ಕೂತರು. ಈ ಸಲ ನೋವು ಎಷ್ಟು ಅಂತ ಕೇಳಲಿಲ್ಲ. "ಟೀಚರ್, ಯಾರನ್ನ ನೆನೆಸ್ಕೊಂಡು ಹೆದರ್ತಿದೀರ?" ಅಂದರು. ಇಷ್ಟು ವರ್ಷ ಈ ಕೆಲಸ ಮಾಡಿದವರಿಗೆ ಅದು ಗೊತ್ತಾಗುತ್ತದೆ ಅಂತ ಕಾಣುತ್ತದೆ. ಹೇಳಿದೆ. ಅಳುವೂ ಬಂತು. ಅವರು ನನ್ನ ಕಣ್ಣು ಒರೆಸಲಿಲ್ಲ, ಟವೆಲ್ ಕೈಗೆ ಕೊಟ್ಟರು.

"ನಿಮ್ಮಮ್ಮನ್ನ ಕರ್ಕೊಂಡು ಹೋಗಿದ್ದು ಕಾಯಿಲೆ, ಔಷಧಿ ಅಲ್ಲ" ಅಂದರು. "ಅವರಿಗೆ ಕೊಟ್ಟಿದ್ದು ನೆಮ್ಮದಿಯಾಗಿ ಹೋಗ್ಲಿ ಅಂತ. ನಿಮಗೆ ಕೊಡೋದು ಎದ್ದು ಹೋಗ್ಲಿ ಅಂತ. ನೋವಿದ್ರೆ ತೊಡೆ ಬಿಗಿಯತ್ತೆ, ತೊಡೆ ಬಿಗಿದ್ರೆ ಮಂಡಿ ಮಡಚಲ್ಲ. ಅಷ್ಟೇ ಲೆಕ್ಕ. ಕಾಲು ಬಗ್ಗಿದ ಮೇಲೆ ಮಾತ್ರೆ ನಾವೇ ಇಳಿಸ್ತೀವಿ. ನೀವು ಬೇಕು ಅಂದ್ರೂ ಕೊಡಲ್ಲ."

"ಈಗ ಹೇಳಿ, ಎಷ್ಟು?" ಅಂದರು ಆಮೇಲೆ. ನಾಲ್ಕು ಅನ್ನಲು ಬಾಯಿ ತೆರೆದೆ. ಎಂಟು ಅಂತ ಬಂತು. ಪಕ್ಕದ ಅಜ್ಜಿ ಚಪ್ಪಾಳೆ ತಟ್ಟಿದರು.

ಮಾತ್ರೆಯ ಬಗ್ಗೆ ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ. ಮೊದಲ ದಿನ ವಾಂತಿ ಬಂದ ಹಾಗಾಯಿತು. ಮೂಗು ತುರಿಸಿತು. ಹೊಟ್ಟೆ ಮುಷ್ಕರ ಹೂಡಿತು, ಅದಕ್ಕೊಂದು ಪುಡಿ ಬೇರೆ ಕೊಟ್ಟರು. ಮಧ್ಯಾಹ್ನವೆಲ್ಲ ತೂಕಡಿಕೆ. ನೋವು ಪೂರ್ತಿ ಹೋಗಲಿಲ್ಲ, ಪಕ್ಕದ ಕೋಣೆಗೆ ಹೋಗಿ ಕೂತ ಹಾಗಾಯಿತು. ಅಲ್ಲಿಂದ ಕೂಗುತ್ತಲೇ ಇತ್ತು, ಆದರೆ ಪೈಲ್ವಾನ್ ಹೇಳುವುದು ನನಗೆ ಕೇಳಿಸುವ ಹಾಗಾಯಿತು. ಅವಳು ಕೈಯಿಟ್ಟಾಗ ತೊಡೆ ಬಿಗಿಯಲಿಲ್ಲ. ಮತ್ತೆ ಎಚ್ಚರವಾದಾಗಲೆಲ್ಲ ನಾನು ನಾನೇ ಆಗಿದ್ದೆ. ಎಲ್ಲರ ಗುರುತೂ ಸಿಕ್ಕಿತು.

ನಿನ್ನೆ ಡಾಕ್ಟರು ಅಳತೆ ಪಟ್ಟಿ ಇಟ್ಟು ನೋಡಿದರು. ತೊಂಬತ್ತು ದಾಟಿದೆ. ಬಲವಂತವಾಗಿ ಮಡಚುವುದು ಬೇಡ ಅಂದರು. ಕುರ್ಚಿಯಲ್ಲಿ ಕೂತೇ ಇದನ್ನು ಬರೆಯುತ್ತಿದ್ದೇನೆ, ಸಾಲುಗಳನ್ನು ನೋಡು. ಮಾತ್ರೆಯನ್ನು ಅರ್ಧಕ್ಕೆ ಇಳಿಸಿದ್ದಾರೆ. ಇವತ್ತಿನ ನೋವು ಆರು, ಸಿಸ್ಟರ್ ಲೆಕ್ಕದಲ್ಲಿ. ಜೂನ್ ಹೊತ್ತಿಗೆ ಮೂರು ಮಹಡಿ ಹತ್ತಬಹುದಂತೆ. ಹತ್ತಿದ ಮೇಲೆ ಆ ಒಂಬತ್ತುಗಳನ್ನೆಲ್ಲ ಒಂದು ಕೈ ನೋಡಬೇಕು.

ಇನ್ನು ಅಂಕಗಳು. ಬಾಯ್ಲರಿನ ಪತ್ರ ಈಗ ಓದಿದೆ. ಎಂಟು ವಾಪಸ್ ತಗೊಂಡಿದ್ದೇನೆ, ಅದಕ್ಕೆ ಆರು. ಕೇಳಿದ್ದು ಸಿಕ್ಕಿತಲ್ಲ, ಬರೆಯುವುದು ಬಿಡಬೇಡ.

ಸಿಸ್ಟರಿಗೆ ಬರೆದದ್ದನ್ನೂ ಕೇಳಿ ಇಸಿದುಕೊಂಡು ಓದಿದೆ. "ನಮ್ಮಕ್ಕ ಸುಳ್ಳು ಹೇಳುವವಳಲ್ಲ, ಅವಳ ಅಳತೆಯೇ ಹಾಗೆ. ನಾಲ್ಕು ಅಂದಾಗ ಮುಖ ನೋಡಬೇಡಿ, ಮುಖವೂ ನಾಲ್ಕೇ ತೋರಿಸುತ್ತದೆ. ಮಂಚದ ಅಂಚು ಹಿಡಿದ ಕೈ ನೋಡಿ. ಬೆರಳು ಬಿಳಿಚಿದ್ದರೆ ಎಂಟು ಅಂತ ಬರೆದುಕೊಳ್ಳಿ. ಚಿಕ್ಕವನಿದ್ದಾಗ ನನ್ನ ಕಾಲಿಗೆ ಹೊಲಿಗೆ ಹಾಕುವಾಗ ಅವಳು ನನ್ನ ಕೈ ಹಿಡಿದುಕೊಂಡಿದ್ದಳು. ಕಾಲಿಗಿಂತ ಕೈಯೇ ಹೆಚ್ಚು ನೋಯುತ್ತಿತ್ತು."

ಅಮ್ಮ ಅಷ್ಟು ತಿಂಗಳು ಮಲಗಿದ್ದಾಗ ಡಾಕ್ಟರು ಬಂದು ಕೇಳಿದಾಗಲೆಲ್ಲ "ಪರವಾಗಿಲ್ಲ" ಅನ್ನುತ್ತಿದ್ದಳು. ಅವರೂ ಹಾಗೇ ಬರೆದುಕೊಂಡು ಹೋಗುತ್ತಿದ್ದರು. ಅವಳ ಪರವಾಗಿಲ್ಲ ಅಂದರೆ ಎಷ್ಟು ಅಂತ ಅವರಿಗೆ ಬರೆದು ತಿಳಿಸುವವರು ಯಾರೂ ಇರಲಿಲ್ಲ.

ಆ ಪತ್ರಕ್ಕೆ ಹತ್ತು. ಹತ್ತು ಕೊಟ್ಟುಬಿಟ್ಟರೆ ಮುಂದೆ ಕಲಿಯೋಕೆ ಏನೂ ಉಳಿಯಲ್ಲ ಅಂತ ಮಕ್ಕಳಿಗೆ ಹೇಳುತ್ತಾ ಬಂದವಳು ನಾನೇ. ಉಳಿಯದಿದ್ದರೆ ಬೇಡ ಬಿಡು.

ಇಪ್ಪತ್ತನಾಲ್ಕಕ್ಕೆ ಬಾ.

ನಿನ್ನ ಅಕ್ಕ